ಹಿಂಬದಿ ಗೋಡೆಯ ಅರವಟ್ಟಿಗೆ

ಅದು 2013ರ ಸೆಪ್ಟೆಂಬರ್. ನಾನಾಗ ಸೌದಿಯ ಜುಬೈಲ್‌ನಲ್ಲಿ ಎ.ಸಿ., ಫ್ರಿಜ್ ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಮೆಕ್ಯಾನಿಕ್ ಆಗಿದ್ದೆ. ಕುಂದಾಪುರದಲ್ಲಿ ಐಟಿಐ ಮುಗಿಸಿ ಹೋದವನಿಗೆ ಅಲ್ಲಿ ಬಹಳ ಬೇಸಿಗೆಗಳು ಕಳೆದಿದ್ದವು. ಮೊದಮೊದಲು ಊರಿನ ನೆನಪು, ಆಮೇಲೆ ರೂಢಿ, ಆಮೇಲೆ ಬರೀ ಸುಸ್ತು. ಬಿಸಿಲು ಇಳಿದ ಮೇಲೂ ಸಮುದ್ರದ ಕಡೆಯ ಸೆಕೆಗೆ ಅಂಗಿ ಬೆನ್ನಿಗೆ ಅಂಟಿಕೊಂಡೇ ಇರುತ್ತಿತ್ತು. ಹೇಳಿದ ಕೆಲಸ ಮಾಡುವುದು, ಕೋಣೆಗೆ ಬಂದು ಬಿದ್ದುಕೊಳ್ಳುವುದು, ಇಷ್ಟೇ. ಯಾರ ಮನೆ, ಯಾಕೆ, ಏನು ಎಂದು ಕೇಳುವ ಗೋಜಿಗೆ ನಾನು ಹೋಗುತ್ತಿರಲಿಲ್ಲ.

ಆ ದಿನ ಸಿಕ್ಕಿದ್ದು ಬಿಚ್ಚುವ ಕೆಲಸ. ಹಳೆಯ ಪೇಟೆಯ ಒಂದು ಮನೆಯ ಹಿಂಬದಿ ಗೋಡೆಗೆ ಕೂರಿಸಿದ್ದ ನೀರಿನ ಕೂಲರನ್ನು ತೆಗೆದುಕೊಂಡು ಬರಬೇಕಿತ್ತು. ಅಲ್ಲಿಯ ಜನ ತೀರಿಕೊಂಡವರ ಹೆಸರಿನಲ್ಲಿ ಬೀದಿಗೆ ಇಂಥ ಕೂಲರ್ ಇಡುತ್ತಾರೆ. ಅದಕ್ಕೆ ಸಬೀಲ್ ಎನ್ನುತ್ತಾರೆ. ನಮ್ಮ ಕಡೆಯ ಅರವಟ್ಟಿಗೆ ಇದ್ದ ಹಾಗೆ. ದಾರಿಹೋಕರು ಕುಡಿದಾಗಲೆಲ್ಲ ಅದರ ಪುಣ್ಯ ತೀರಿಕೊಂಡವರಿಗೆ ಸೇರುತ್ತದೆ ಎಂಬ ನಂಬಿಕೆ. ಇದನ್ನೆಲ್ಲ ನನಗೆ ಹೇಳಿದವರು ವ್ಯಾನ್ ಓಡಿಸುತ್ತಿದ್ದ ಬಂಟ್ವಾಳದ ಹಮೀದಣ್ಣ. ಅವರಿಗೆ ಅರಬಿ ಚೆನ್ನಾಗಿ ಬರುತ್ತಿತ್ತು. ನನಗೆ ಬರುತ್ತಿದ್ದುದು ಅಂಗಡಿಗೆ ಬೇಕಾದ ನಾಲ್ಕು ಮಾತು ಮಾತ್ರ.

ಆ ಮನೆಯ ಯಜಮಾನರು ಕೆಲವು ವರ್ಷಗಳ ಹಿಂದೆ ಹೋಗಿಬಿಟ್ಟಿದ್ದರು. ಕೂಲರ್ ಅವರ ಹೆಸರಿನಲ್ಲಿತ್ತು. ಮನೆಯಲ್ಲಿ ಉಳಿದವರು ಹೆಂಡತಿ. ಮಗ ದಮ್ಮಾಮ್‌ನಿಂದ ಬಂದು ಹೋಗುತ್ತಿದ್ದ. ಗಲ್ಲಿಯ ಕೆಸರು, ನೆರೆಯವರ ದೂರು ಎಲ್ಲ ಅವನ ತಲೆಗೇ ಬರುತ್ತಿತ್ತು. ಕೆಟ್ಟವನೇನಲ್ಲ, ಅವನೂ ಬೇಸತ್ತಿದ್ದ. ಈಗ ಇಲ್ಲಿ ಯಾರೂ ನೀರು ಕುಡಿಯುವುದಿಲ್ಲ ಎಂದು ಹೇಳಿ ತಾಯಿಯನ್ನು ಒಪ್ಪಿಸಿದ್ದೇನೆ, ಬೇಗ ಮುಗಿಸಿ ಎಂದು ಹಮೀದಣ್ಣನಿಗೆ ಹೇಳಿ ಕಾರಿನೊಳಗೆ ಹೋಗಿ ಕೂತ. ಮನೆಯ ಬಾಗಿಲು ಮುಂದಿನ ರಸ್ತೆಗಿತ್ತು. ಹಿಂದಿನ ಗಲ್ಲಿಗೆ ಆ ಅಮ್ಮ ಬರುತ್ತಲೇ ಇರಲಿಲ್ಲ.

ಕರೆಂಟ್ ತೆಗೆದು ನೀರು ಖಾಲಿ ಮಾಡುವಾಗ ನೋಡಿದೆ, ಗೋಡೆಯ ಬುಡದ ಉದ್ದಕ್ಕೂ ಬಾಟಲಿ, ಕ್ಯಾನ್‌ಗಳ ಸಾಲು. ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಪೇಂಟಿನ ಗುರುತು. ಹತ್ತಿರದ ಲೇಬರ್ ಕ್ಯಾಂಪಿನ ನೀರು ಬಾಯಿಗಿಡಲಾಗದಷ್ಟು ಉಪ್ಪು. ಹಾಗಾಗಿ ಅಲ್ಲಿಯವರು ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ಖಾಲಿ ಬಾಟಲಿಯನ್ನು ಸಾಲಿನಲ್ಲಿಟ್ಟು ಹೋಗುತ್ತಾರೆ, ಸಂಜೆ ಬಂದು ಅದೇ ಸರದಿಯಲ್ಲಿ ತುಂಬಿಸಿಕೊಳ್ಳುತ್ತಾರೆ. ಯಾರೂ ಇನ್ನೊಬ್ಬರ ಬಾಟಲಿಯನ್ನು ಸರಿಸುವುದಿಲ್ಲ.

ಯಾರೂ ಕುಡಿಯುವುದಿಲ್ಲ ಅಂದನಲ್ಲ ಎಂದು ಹಮೀದಣ್ಣನಿಗೆ ತೋರಿಸಿದೆ.

"ನಮಗೆಂತಕ್ಕೆ ಮಾರಾಯ, ಬಿಚ್ಚು, ಹೋಗುವ" ಎಂದರು. ಅವರಿಗೂ ಸಾಕಾಗಿತ್ತು. ನಾನು ಸ್ಕ್ರೂ ಡ್ರೈವರ್ ಎತ್ತಿಕೊಂಡೆ.

ಅಷ್ಟರಲ್ಲಿ ಕಂಪನಿ ಬಸ್ಸು ಬಂತು. ಧೂಳು ಹಿಡಿದ ಬಟ್ಟೆಯಲ್ಲಿ ಜನ ಇಳಿದರು. ಕೂಲರ್ ಬಿಚ್ಚಿರುವುದನ್ನು ಕಂಡು ರಿಪೇರಿ ಎಂದುಕೊಂಡರು. ಏನೂ ಕೇಳದೆ ತಮ್ಮ ತಮ್ಮ ಬಾಟಲಿಯ ಹಿಂದೆ ಕುಕ್ಕರಗಾಲಲ್ಲಿ ಕೂತರು. ಅವರಲ್ಲಿ ನರೆತ ಕೂದಲಿನ ಬಿಹಾರಿಯೊಬ್ಬ ಎದ್ದು ಬಂದು, ನನಗೆ ಸುಲಭವಾಗಲಿ ಎಂದು ಪಕ್ಕದ ತಗಡನ್ನು ಹಿಡಿದುಕೊಂಡ. ಸ್ಕ್ರೂ ಕಳೆಯಬಾರದೆಂದು ತನ್ನ ಟೋಪಿಯಲ್ಲಿ ಹಾಕಿಸಿಕೊಂಡ. ನಿನ್ನೆಯಿಂದ ನೀರು ನಿಧಾನ ಬರುತ್ತಿತ್ತು, ನೀವು ಬಂದದ್ದು ಒಳ್ಳೆಯದಾಯಿತು ಎಂದು ಹಿಂದಿಯಲ್ಲಿ ಹೇಳಿದ. ನಾನು ಅವನ ಮುಖ ನೋಡಲಿಲ್ಲ.

ಆಗ ಮಗ ಹಮೀದಣ್ಣನಿಗೆ ಫೋನ್ ಮಾಡಿದ, ಕೂಲರಿನ ಮೇಲಿದ್ದ ಗಂಡನ ಹೆಸರಿನ ಫಲಕ ಅಮ್ಮನಿಗೆ ಬೇಕಂತೆ. ಅದನ್ನು ಬಿಚ್ಚಿಕೊಂಡು ಹಮೀದಣ್ಣನ ಜೊತೆ ಮುಂಬಾಗಿಲಿಗೆ ಹೋದೆ. ಅಮ್ಮ ಬಾಗಿಲಲ್ಲೇ ನಿಂತಿದ್ದರು, ಕಪ್ಪು ಬುರ್ಖಾ, ಮುಖಕ್ಕೆ ಮುಸುಕು, ಕೈಯಲ್ಲಿ ಕೋಲು. ಫಲಕವನ್ನು ತೆಗೆದುಕೊಂಡು ತೋಳಿನಿಂದ ಒರೆಸಿದರು. ಆಮೇಲೆ ಸಣ್ಣ ದನಿಯಲ್ಲಿ ಏನೋ ಕೇಳಿದರು.

"ಒಬ್ಬರೂ ಬರುದಿಲ್ವಾ ಅಂತ ಕೇಳ್ತಾರೆ" ಎಂದು ಹಮೀದಣ್ಣ ನನ್ನ ಮುಖ ನೋಡಿದರು.

ಇಲ್ಲ ಎಂದು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಉತ್ತರ ಹೇಳುವಷ್ಟು ಅರಬಿ ನನಗಿರಲಿಲ್ಲ. "ಮಾಮಾ, ತಆಲ್" ಎಂದುಬಿಟ್ಟೆ. ಅಮ್ಮಾ, ಬನ್ನಿ ಎಂದು. ಹೊರಗಿನ ಕೆಲಸದವನೊಬ್ಬ ಮನೆಯ ಹೆಂಗಸನ್ನು ಗಲ್ಲಿಗೆ ಕರೆಯುವುದೆಂದರೆ ಅಲ್ಲಿ ಸಣ್ಣ ಮಾತಲ್ಲ. ಮಗ ಅಲ್ಲೇ ಕಾರಿನಲ್ಲಿದ್ದ. ನಿನಗೆ ತಲೆ ಸರಿ ಉಂಟಾ ಎಂದು ಹಮೀದಣ್ಣ ಗೊಣಗಿದರು.

ಆಕೆ ಮಾತ್ರ ಗೋಡೆ ಹಿಡಿದುಕೊಂಡು ಹೊರಟೇಬಿಟ್ಟರು. ಮಗ ಕಾರಿನಿಂದಿಳಿದು ಹಿಂದೆ ಓಡಿ ಬಂದ. ಅವರು ಗಲ್ಲಿಗೆ ತಿರುಗಿದ್ದೇ ತಡ, ಕೂತವರೆಲ್ಲ ಎದ್ದು ಬಸ್ಸಿನ ಆಚೆ ಸರಿದುಬಿಟ್ಟರು. ಮನೆಯ ಹೆಂಗಸರು ಬಂದರೆ ಎದುರು ನಿಲ್ಲಬಾರದೆಂದು ಅಲ್ಲಿ ಎಲ್ಲರಿಗೂ ಗೊತ್ತು. ಬಿಹಾರಿಯೂ ತಗಡನ್ನು ಗೋಡೆಗೊರಗಿಸಿ, ಸ್ಕ್ರೂ ಇದ್ದ ಟೋಪಿಯನ್ನು ಅಲ್ಲೇ ಇಟ್ಟು ಹೊರಟುಹೋದ. ನನಗೆ ಅಳುವೇ ಬಂತು. ಜನರನ್ನು ತೋರಿಸಲು ಕರೆತಂದೆ, ಗಲ್ಲಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಬಾಟಲಿಗಳು ಇದ್ದವು. ಅಮ್ಮ ಆ ಸಾಲಿನ ಪಕ್ಕದಲ್ಲೇ ಕೊನೆಯವರೆಗೂ ನಡೆದರು. ಒಂದನ್ನು ಎತ್ತಿ ನೋಡಿ, ಇದ್ದ ಜಾಗದಲ್ಲೇ ಇಟ್ಟರು. ಮಗನಿಗೆ ಏನೋ ಅಂದರು. ಅವನು ನೆಲ ನೋಡಿದ. ಆಮೇಲೆ ಫಲಕವನ್ನು ನನ್ನ ಕೈಗೆ ವಾಪಸು ಕೊಟ್ಟರು.

ನಾನು ಮತ್ತೆ ಜೋಡಿಸುವಷ್ಟು ಹೊತ್ತೂ ಅವರು ನನ್ನ ಟೂಲ್ ಬಾಕ್ಸಿನ ಮೇಲೆ ಕೂತಿದ್ದರು. ಫ್ಯಾಕ್ಟರಿಗಳು ಬರುವುದಕ್ಕೂ ಮೊದಲು ಆಕೆಯ ಮಾವ ಇದೇ ಜಾಗದಲ್ಲಿ ಮೀನುಗಾರರಿಗೆಂದು ಮಣ್ಣಿನ ಹೂಜಿ ಇಡುತ್ತಿದ್ದರಂತೆ. ಆಮೇಲೆ ಗಂಡ ತಗಡಿನ ಟ್ಯಾಂಕಿಟ್ಟು ಅದಕ್ಕೆ ಸರಪಳಿಯಲ್ಲಿ ಲೋಟ ಕಟ್ಟಿದ್ದರಂತೆ. ಗಂಡ ಹೋದ ಮೇಲೆ ಆಕೆ ಈ ಕೂಲರ್ ಹಾಕಿಸಿದ್ದು. ಹಮೀದಣ್ಣ ಒಂದೊಂದಾಗಿ ಕನ್ನಡದಲ್ಲಿ ಹೇಳುತ್ತಾ ಹೋದರು.

ನಲ್ಲಿಯಲ್ಲಿ ನೀರು ಬಂತು. ಕರೆದರೂ ಜನ ಬರಲಿಲ್ಲ. ಆಗ ಅಮ್ಮ ಗಲ್ಲಿಗೆ ಬೆನ್ನು ಹಾಕಿ, ಗೋಡೆಯತ್ತ ಮುಖ ಮಾಡಿ ಕೂತರು. ಅದನ್ನು ನೋಡಿ ಒಬ್ಬೊಬ್ಬರೇ ಬಂದರು, ಬಾಟಲಿಯಿದ್ದ ಸರದಿಯಲ್ಲೇ. ಮೊದಲು ಬೊಗಸೆಯಲ್ಲಿ ಕುಡಿದು ಆಮೇಲೆ ತುಂಬಿಸಿಕೊಂಡರು. ಬಾಟಲಿ ತುಂಬುವ ಸದ್ದು, ಮುಸುಕಿನೊಳಗೆ ಅಮ್ಮ ಪ್ರಾರ್ಥಿಸುತ್ತಿದ್ದ ಸಣ್ಣ ದನಿ.

ಸ್ವಲ್ಪ ಹೊತ್ತಿಗೆ ತಿರುಗದೆಯೇ ಕೇಳಿದರು, "ಬಾರಿದ್?" ತಣ್ಣಗಿದೆಯಾ ಎಂದು. ಕೂಲರ್ ಆಗಷ್ಟೇ ಚಾಲೂ ಆಗಿತ್ತು. ಮಹಡಿಯ ಟ್ಯಾಂಕಿನಿಂದ ನೇರ ಬರುತ್ತಿದ್ದ ನೀರು ಸ್ನಾನದ ನೀರಿನಷ್ಟು ಬಿಸಿಯಿತ್ತು. ನಲ್ಲಿಯ ಹತ್ತಿರ ಬಿಹಾರಿ ನಿಂತಿದ್ದ. ಬಾಯಲ್ಲಿದ್ದುದನ್ನು ನುಂಗಿ, "ಬಾರಿದ್, ಮಾಮಾ" ಎಂದ. ಅವನ ಹಿಂದಿನವನೂ ಕುಡಿದು ಹಾಗೇ ಹೇಳಿದ. ಅವನ ಹಿಂದಿನವನೂ.

ನಮ್ಮ ಅಂಗಡಿಯ ಮಾಲೀಕ ಮರುದಿನ ಬೈದದ್ದು ನನ್ನ ತಲೆಯಲ್ಲಿ ಉಳಿದಿಲ್ಲ. ಉಳಿದಿರುವುದು ಹೆದರಿಕೆ. ಆ ಅಮ್ಮ ಫಲಕ ಬೇಕು ಎನ್ನದೇ ಹೋಗಿದ್ದರೆ ನಾನು ಬಾಕಿ ಸ್ಕ್ರೂಗಳನ್ನೂ ಬಿಚ್ಚಿ, ಕೂಲರನ್ನು ವ್ಯಾನಿಗೆ ಹಾಕಿ, ಕೋಣೆಗೆ ಹೋಗಿ ಮಲಗುತ್ತಿದ್ದೆ. ಒಳ್ಳೆಯ ನಿದ್ದೆಯೂ ಬರುತ್ತಿತ್ತು.