ಅಕ್ಕನ ಎದೆ ಆಲಿಸಿದ ಡಾಕ್ಟರಮ್ಮ

ದೂರದ ಯಾವುದೋ ಮನೆಯಲ್ಲಿ ಬೀಸುವ ಕಲ್ಲು ತಿರುಗುತ್ತಿರುವ ಸದ್ದು… ತಗ್ಗು ದನಿಯಲ್ಲಿ ಗುರ್ ಎಂದು ಸುತ್ತಿ, ಒಂದು ಗಳಿಗೆ ನಿಂತು, ಮತ್ತೆ ಸುತ್ತುವುದು. ಅದು ನನ್ನ ಅಕ್ಕನ ಎದೆಯ ಸದ್ದು. ಡಾಕ್ಟರಮ್ಮ ತಮ್ಮ ಸ್ಟೆತೊಸ್ಕೋಪನ್ನು ನನ್ನ ಕಿವಿಗೆ ಸಿಕ್ಕಿಸಿ ಕೇಳಿಸಿದ್ದರು.

ಮೊನ್ನೆ ಮಣಿಪಾಲದಲ್ಲಿ ನನಗೆ ಎಕೋ ಟೆಸ್ಟ್ ಮಾಡುವಾಗ ಅಲ್ಲಿಯ ಹುಡುಗಿ ಮಶೀನಿನ ವಾಲ್ಯೂಮ್ ಏರಿಸಿದಳು. ಕತ್ತಲೆ ಕೋಣೆಯಲ್ಲಿ ನನ್ನ ಹೃದಯ ಯಾರೋ ಒದ್ದೆ ಬಟ್ಟೆ ಕುಕ್ಕಿದ ಹಾಗೆ ಸದ್ದು ಮಾಡತೊಡಗಿತು. “ಎವ್ರಿಥಿಂಗ್ ಫೈನ್ ಅಜ್ಜಿ, ನಿಮ್ಮ ವಾಲ್ವುಗಳು ಯಂಗ್ ಲೇಡಿಯದ್ದರ ಹಾಗಿವೆ” ಎಂದಳು. ಥ್ಯಾಂಕ್ಯೂ ಎಂದೆ. ಯಂಗ್ ಲೇಡಿ ಒಬ್ಬಳ ವಾಲ್ವ್ ಹೇಗಿತ್ತೆಂದು ನನಗೆ ಗೊತ್ತಿತ್ತು. ಆ ಮಗುವಿನ ಹತ್ತಿರ ಅದನ್ನೆಲ್ಲ ಹೇಳಿ ಏನು ಮಾಡುವುದು.

ಯುದ್ಧದ ಕೊನೆಯ ವರ್ಷಗಳು ಅವು, ಕಂಟ್ರೋಲ್ ಅಕ್ಕಿಯ ಕಾಲ. ಮಂಗಳೂರಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಊಟಕ್ಕೇ ತತ್ವಾರವಾದಾಗ ಅಪ್ಪಯ್ಯ ನನ್ನನ್ನು ಕುಂದಾಪುರದ ಮನೆಗೆ ಕರೆತಂದಿದ್ದರು. ಡಾಕ್ಟರಮ್ಮ ಮದರಾಸಿನಿಂದ ಬಂದದ್ದೂ ಆಗಲೇ. ನಮ್ಮ ಓಣಿಯ ತುದಿಯ ಹಂಚಿನ ಮನೆಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದರು. ಎತ್ತರದ ಹೆಂಗಸು, ಮದುವೆಯಾಗಿರಲಿಲ್ಲ, ಸೀರೆಯ ಕೆಳಗೆ ಬೂಟು ಹಾಕುತ್ತಿದ್ದರು. ತಮಿಳು ಮತ್ತು ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಬಾರದು. ನಮ್ಮ ಕುಂದಾಪ್ರ ಕನ್ನಡ ಮೈಸೂರಿನವರಿಗೇ ತಿಳಿಯುವುದಿಲ್ಲ, ಇನ್ನು ಅವರಿಗೆ? ಹಾಗಾಗಿ ಕಾನ್ವೆಂಟಿನಿಂದ ಬಂದು ಮನೆಯಲ್ಲಿ ಸುಮ್ಮನೆ ಕೂತಿದ್ದ ನಾನು ಅವರ ಇಂಟರ್‌ಪ್ರಿಟರ್ ಆದೆ.

ಜ್ವರ, ಹುಣ್ಣು ನೋಡುತ್ತಿದ್ದುದು ಅವರ ಹೊಟ್ಟೆಪಾಡಿಗೆ. ಮನಸ್ಸೆಲ್ಲ ಇದ್ದದ್ದು ರಿಸರ್ಚಿನಲ್ಲಿ. ಮಕ್ಕಳಿಗೆ ಗಂಟಲು ನೋವು ಬರುತ್ತದೆ, ಆಮೇಲೆ ಜ್ವರ ಬಂದು ಕೈಕಾಲಿನ ಗಂಟುಗಳು ಬಾತುಕೊಳ್ಳುತ್ತವೆ, ಅದೂ ಇಳಿಯುತ್ತದೆ, ಮನೆಯವರು ಮರೆತೂ ಬಿಡುತ್ತಾರೆ. ಆದರೆ ಕೆಲವರಲ್ಲಿ ಆ ಜ್ವರ ಹೃದಯವನ್ನು ಹಾಳು ಮಾಡಿಯೇ ಹೋಗಿರುತ್ತದೆ. ಯಾರಲ್ಲಿ, ಯಾವಾಗ, ಎಷ್ಟು… ಅದು ಅವರಿಗೆ ತಿಳಿಯಬೇಕಿತ್ತು. ಅದಕ್ಕಾಗಿ ಬ್ರಹ್ಮಾವರದಿಂದ ಬೈಂದೂರಿನವರೆಗೆ ತಿರುಗಿ, ಅದೇ ಮಕ್ಕಳ ಎದೆಯನ್ನು ಕೆಲವು ತಿಂಗಳಿಗೊಮ್ಮೆ ಮತ್ತೆ ಆಲಿಸುತ್ತಿದ್ದರು. ಪೆಟ್ರೋಲ್ ಇಲ್ಲದೆ ಇದ್ದಿಲು ಸುಟ್ಟು ಓಡುತ್ತಿದ್ದ ಬಸ್ಸು, ಏರು ಬಂದಲ್ಲಿ ನಾವೆಲ್ಲ ಇಳಿದು ನಡೆಯಬೇಕು. ಹೊಳೆ ಬಂದಲ್ಲಿ ದೋಣಿ.

“ಇದಕ್ಕೆ ಮದ್ದು ಏನು?” ಎಂದು ಒಮ್ಮೆ ದೋಣಿಯಲ್ಲಿ ಕೇಳಿದೆ.

“ನಥಿಂಗ್ ಯೆಟ್” ಎಂದರು. “ಮೊದಲು ರೋಗ ತಿಳಿಯಲಿ.”

ಊರ ಹೆಂಗಸರಿಗೆ ಅವರೆಂದರೆ ತಮಾಷೆ. “ಡಾಕ್ಟ್ರಮ್ಮ ಬಪ್ಪುದ್ ಕಂಡ್ರೆ ನಮ್ಮನಿ ಕೋಳಿಗೂ ಎದೆ ಹೊಡ್ಕಂತ್ ಮಾರಾಯ್ತಿ” ಎಂದು ಬ್ರಹ್ಮಾವರದಲ್ಲಿ ಒಬ್ಬಾಕೆ ನಗಿಸಿದ್ದಳು. “ಗಂಡ ಇಲ್ದಿದ್ದವ್ಳಿಗೆ ಊರ ಮಕ್ಕಳ ಎದೆ ಎಂತಕೆ?” ಎಂದು ಇನ್ನೊಬ್ಬಳು ಹಿಂದಿನಿಂದ. ಡಾಕ್ಟರಮ್ಮ ಅದನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳು ಎನ್ನುತ್ತಿದ್ದರು. ನಾನು ಮೆತ್ತಗೆ ಮಾಡಿ ಹೇಳಿದರೆ ಕೂಡಲೇ ಗೊತ್ತಾಗುತ್ತಿತ್ತು. “ಡೋಂಟ್ ಸಾಫ್ಟನ್ ಇಟ್. ಹೇಳಿದ್ದನ್ನೇ ಹೇಳು.”

ತಾಯಂದಿರ ಹೆದರಿಕೆ ಮಾತ್ರ ತಮಾಷೆಯದಾಗಿರಲಿಲ್ಲ. ಎದೆಯಲ್ಲಿ ದೋಷ ಎಂದು ಹೊರಗೆ ಗೊತ್ತಾದರೆ ಆ ಹೆಣ್ಣಿಗೆ ಗಂಡು ಸಿಗುವುದೇ? ಡಾಕ್ಟರಮ್ಮ ಪ್ರತಿ ಮನೆಯಲ್ಲೂ ಮಾತು ಕೊಡುತ್ತಿದ್ದರು: ಕೇಳಿದ್ದನ್ನು ಮನೆಯವರಿಗಲ್ಲದೆ ಹೊರಗಿನವರಿಗೆ ಹೇಳುವುದಿಲ್ಲ. ಆ ಒಂದು ಮಾತಿನ ಮೇಲೆ ತಾಯಂದಿರು ಹೆಣ್ಣುಮಕ್ಕಳನ್ನು ಅವರ ಮುಂದೆ ಕೂರಿಸುತ್ತಿದ್ದರು.

ಅಕ್ಕನನ್ನು ಕರೆದುಕೊಂಡು ಹೋದವಳು ನಾನೇ. ಚಿಕ್ಕವಳಿದ್ದಾಗ ಅವಳಿಗೂ ಗಂಟುಗಳು ಬಾತಿದ್ದವು. ವಾತ ಎಂದು ಎಣ್ಣೆ ತಿಕ್ಕಿದ್ದರು. ಈಗ ಬಾವಿಯಿಂದ ಒಂದು ಕೊಡ ಸೇದಿದರೆ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಡಾಕ್ಟರಮ್ಮ ಬಹಳ ಹೊತ್ತು ಆಲಿಸಿದರು, ಎಡಕ್ಕೆ ಹೊರಳಿಸಿ ಮತ್ತೆ ಆಲಿಸಿದರು. ಆಮೇಲೆ ನನಗೆ ಕೇಳಿಸಿದರು. ಮೊದಲು ನನ್ನದು, ಆಮೇಲೆ ಅವಳದು.

“ನಂದ್ ನಂಗೇ ಕೇಂಬುಕೆ ಆಪುದಿಲ್ಯಾ? ಕೊಡಿ ಇಲ್ಲಿ” ಎಂದು ಅಕ್ಕ ಕಿತ್ತುಕೊಂಡಳು. ಕಣ್ಣು ಮುಚ್ಚಿ ಕೇಳಿ ನಕ್ಕಳು. “ಅಯ್ಯೋ ದೇವ್ರೆ, ಒಳ್ಗೆ ಯಾರೋ ಕೂಕಂಡ್ ಬೀಸ್ತಿದ್ರಲೆ! ಅವ್ರಿಗೆ ಕೂಲಿ ಯಾರ್ ಕೊಡುದ್?”

ಡಾಕ್ಟರಮ್ಮ ನಗಲಿಲ್ಲ. ಮರುದಿನ ನಮ್ಮ ಮನೆಗೇ ಬಂದು ಒಳಕೋಣೆಯಲ್ಲಿ ಅಜ್ಜಿ ಮತ್ತು ಅಮ್ಮನ ಎದುರು ಕೂತರು. ಹೊರಗೆ ಚಾವಡಿಯಲ್ಲಿ ಅಪ್ಪಯ್ಯ ಪೇಪರ್ ಓದುತ್ತಿದ್ದರು. ಬಾಗಿಲು ತೆರೆದೇ ಇತ್ತು. ಡಾಕ್ಟರಮ್ಮ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: ಹೃದಯದ ಒಳಗಿನ ಒಂದು ಬಾಗಿಲು ಕಿರಿದಾಗಿದೆ. ಭಾರದ ಕೆಲಸ ಬೇಡ. ಮದುವೆ ಮಾಡಿದರೂ ಮಕ್ಕಳಾಗುವುದು ಬೇಡ. ಬಸುರಿಯಾದರೆ ಆ ಹೃದಯ ತಡೆಯಲಾರದು.

ನಾನು ಒಂದು ಮಾತೂ ಮೆತ್ತಗೆ ಮಾಡಲಿಲ್ಲ. “ಬಸ್ರಾಪುಕಾಗ ಅಂಬ್ರ್ ಅಜ್ಜಿ. ಆದ್ರೆ ಉಳುದಿಲ್ಲ ಅಂಬ್ರ್.”

ಅಜ್ಜಿ ಡಾಕ್ಟರಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದರು. “ಹೆಣೆ, ನೀ ಸಮಾ ಕೇಂಡಿದ್ಯಾ? ನಾಕ್ ದಿನ ಮಂಗ್ಳೂರಂಗೆ ಕೂಕಂಡ್ ಬಂದದ್ದಕ್ಕೆ ಇಷ್ಟ್ ದೊಡ್ಡ್ ಮಾತಾ ನಿಂದ್?” ಆಮೇಲೆ ಚಾವಡಿಗೆ ಕೇಳುವ ಹಾಗೆ, “ಹ್ವಾಯ್ ಮಗಾ, ನಿಂಗೆ ಇಂಗ್ಲಿಷ್ ಬತ್ತಲೆ. ಇದ್ ಹೇಳುದ್ ಹೌದನಾ?”

ಅಪ್ಪಯ್ಯ ಕೋರ್ಟಿನ ಗುಮಾಸ್ತರು. ದಿನ ಬೆಳಗಾದರೆ ಜಡ್ಜ್‌ಮೆಂಟ್‌ಗಳನ್ನು ನಕಲು ಮಾಡುವವರು. ನನಗೆ ಇಂಗ್ಲಿಷ್ ಅಕ್ಷರ ತಿದ್ದಿಸಿದವರೂ ಅವರೇ. ಪೇಪರ್ ಮುಖಕ್ಕೆ ಅಡ್ಡವಾಗಿಯೇ ಇತ್ತು. ಅದರ ಹಿಂದಿನಿಂದ ಹೇಳಿದರು, “ಮಕ್ಕಳ್ ಇಂಗ್ಲಿಷ್ ಅಲ್ದಾ… ಎಂತದೋ ಹೆಚ್ಚುಕಡ್ಮಿ ಆಯಿಕ್.”

ಅಜ್ಜಿಗೆ ಸಮಾಧಾನವಾಯಿತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವರು ಏನೆಂದರು ಎಂದು ಡಾಕ್ಟರಮ್ಮ ಕೇಳಿದಾಗ ನಾನು ಹೇಳಿದೆ: ನನ್ನ ಇಂಗ್ಲಿಷ್ ಸರಿಯಿಲ್ಲವಂತೆ. ಡಾಕ್ಟರಮ್ಮ ಎದ್ದು ಬಾಗಿಲಲ್ಲಿ ನಿಂತು, ಅಪ್ಪಯ್ಯನ ಕಡೆ ತಿರುಗಿ, ಅಷ್ಟನ್ನೂ ಇನ್ನೊಮ್ಮೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಹೇಳಿದರು. ಅಪ್ಪಯ್ಯ ಪೇಪರ್ ಮಡಚಿಟ್ಟು, ಕೋಟು ತೊಟ್ಟು, ಕೊಡೆ ಹಿಡಿದು ಕೋರ್ಟಿಗೆ ಹೋದರು. ಅಂದು ಭಾನುವಾರ.

ಮದುವೆ ಮಾತು ವಂಡ್ಸೆ ಕಡೆಯಿಂದ ಬಂತು. ಒಳ್ಳೆಯ ಮನೆತನ. ಆದರೆ ಯಾರೋ ಅವರ ಕಿವಿಗೆ ಹಾಕಿದ್ದರು, ಹೆಣ್ಣು ಮದರಾಸು ಡಾಕ್ಟರಮ್ಮನ ಹತ್ತಿರ ಹೋಗಿಬಂದಿದ್ದಾಳೆ ಎಂದು. ಒಂದು ಮಧ್ಯಾಹ್ನ ಗಂಡಿನ ಸೋದರತ್ತೆ ನೇರ ಡಾಕ್ಟರಮ್ಮನ ಕೋಣೆಗೇ ಬಂದರು. ನಾನು ಪರದೆಯ ಹಿಂದೆ ಹತ್ತಿ ಉಂಡೆ ಕಟ್ಟುತ್ತಿದ್ದೆ.

“ಹೆಣ್ಣಿನ ಎದೆಂಗೆ ಎಂತದೋ ಇತ್ ಅಂಬ್ರಲೆ. ಸತ್ಯ ಹೇಳಿ ಕಾಂಬ.”

ಅಷ್ಟರಲ್ಲಿ ಡಾಕ್ಟರಮ್ಮನಿಗೆ ಕನ್ನಡ ಸುಮಾರಾಗಿ ಅರ್ಥವಾಗುತ್ತಿತ್ತು. “ನಾನು ಯಾರ ವಿಷಯವೂ ಯಾರಿಗೂ ಹೇಳುವುದಿಲ್ಲ” ಎಂದರು, ಪಾಠ ಒಪ್ಪಿಸಿದ ಹಾಗೆ.

ಆ ಅತ್ತೆ ನಕ್ಕುಬಿಟ್ಟರು. “ಅಯ್ಯ, ಇದ್ದಿದ್ರೆ ಹೇಳ್ದೆ ಬಿಡ್ತಿದ್ರ್ಯಾ? ಎಂತದೂ ಇಲ್ಲ ಅಂದಾಯ್ತ್. ಊರವ್ರ್ ಬಾಯಿಗೆ ಬೀಗ ಇಲ್ಲೆ, ಕಾಣಿ.”

ನಾನು ಓಣಿಯಲ್ಲಿ ಅವರ ಹಿಂದೆ ಓಡಿದೆ. ಕೈ ಹಿಡಿದು ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿದರು, ಆಮೇಲೆ ನನ್ನ ಗಲ್ಲ ತಟ್ಟಿದರು. “ಅಕ್ಕನ್ ಮೇಲೆ ಹೊಟ್ಟೆಕಿಚ್ಚಾ ಹೆಣೆ? ನಿಂಗೂ ಗಂಡ್ ಸಿಕ್ಕತ್, ತಡಿ.”

ತಿರುಗಿ ಬಂದು ಡಾಕ್ಟರಮ್ಮನ ಮೇಲೆ ಕಿರುಚಾಡಿದೆ. ಅವರು ಕೈ ತೊಳೆಯುತ್ತಿದ್ದರು. “ಇವತ್ತು ಒಬ್ಬಳದು ಹೇಳಿದರೆ ನಾಳೆ ಯಾವ ತಾಯಿಯೂ ಮಗಳನ್ನು ಕಳಿಸುವುದಿಲ್ಲ. ಐ ನೀಡ್ ದೆಮ್ ಆಲ್” ಎಂದರು. ಆ ‘ಆಲ್’ ಎಂಬುದರಲ್ಲಿ ನನ್ನ ಅಕ್ಕನೂ ಇದ್ದಳೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಅಕ್ಕ ಒಬ್ಬಳು ಮಾತ್ರ ನನ್ನನ್ನು ನಂಬಿದ್ದಳು. ಮದುವೆಗೆ ಮುಂಚೆ, ಹಿಂದಿನ ಜಗಲಿಯಲ್ಲಿ ಅಬ್ಬಲಿಗೆ ಹೂ ಕಟ್ಟುತ್ತಾ ಕೇಳಿದಳು, “ಅವತ್ತ್ ನಿನ್ ಇಂಗ್ಲಿಷ್ ಸಮಾ ಇದ್ದಿತ್ತಲೆ?”

“ಇದ್ದಿತ್ತ್.”

“ನಂಗ್ ಗೊತ್ತಿತ್ತ್.” ಹೂವಿನ ಗಂಟು ಬಿಗಿದಳು. “ಆದ್ರೆ ನಾ ಹೋಪುದಿಲ್ಲ ಅಂದ್ರೆ ಮತ್ತೆಲ್ಲಿ ಇಪ್ಪುದ್ ಮಾರಾಯ್ತಿ? ನಿನ್ ಕಾನ್ವೆಂಟಂಗಾ?”

ನಾನು ಇನ್ನೊಂದು ಬಾಳೆನಾರು ಸೀಳಿ ಅವಳ ಕೈಗೆ ಕೊಟ್ಟೆ.

ಚೊಚ್ಚಲ ಹೆರಿಗೆಗೆ ಪದ್ಧತಿಯಂತೆ ತವರಿಗೆ ಬಂದಳು. ಕಾಲು ಬಾತಿತ್ತು, ತುಟಿ ನೇರಳೆ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹುಲ್ಲಿನಲ್ಲಿ ಸುತ್ತಿ ಕಟ್ಟಿದ ಅಕ್ಕಿ ಮುಡಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. “ಚೊಚ್ಲ್ ಬಸ್ರಂಗೆ ಎಲ್ಲರಿಗೂ ಹಾಂಗೇ” ಎಂದರು ಅಜ್ಜಿ. ಯಾರೂ ಕರೆಯದಿದ್ದರೂ ಡಾಕ್ಟರಮ್ಮ ದಿನವೂ ಬಂದರು. ಇಂಜೆಕ್ಷನ್ ಕೊಟ್ಟರು, ಉಪ್ಪು ಬಿಡಿಸಿದರು, ಬೆನ್ನ ಹಿಂದೆ ತಮ್ಮ ಮನೆಯ ದಿಂಬು ತಂದಿಟ್ಟರು. ಇದನ್ನೆಲ್ಲ ಹೇಳದೆ ಬಿಟ್ಟರೆ ಅನ್ಯಾಯವಾದೀತು. ಆದರೆ ಇನ್ನೊಂದನ್ನೂ ಹೇಳಬೇಕು. ಒಂದು ಬೆಳಿಗ್ಗೆ ಅಕ್ಕನ ಎದೆಗೆ ಸ್ಟೆತೊಸ್ಕೋಪ್ ಹಚ್ಚಿ ಕೂತವರು, “ಹೌ ಇಟ್ ಹ್ಯಾಸ್ ಚೇಂಜ್ಡ್” ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆ ಮುಖದಲ್ಲಿ ಒಂದು ಬೆರಗಿತ್ತು, ಹೊಸ ಪಾಠ ಸಿಕ್ಕಿದ ಮಕ್ಕಳ ಮುಖದಲ್ಲಿರುವಂಥದ್ದು. ಅಕ್ಕ ಅವರನ್ನೇ ನೋಡುತ್ತಿದ್ದಳು. ಅವರ ಎಲ್ಲವನ್ನೂ ನಾನು ಕ್ಷಮಿಸಿಯೇನು, ಆ ಬೆರಗನ್ನು ಕ್ಷಮಿಸಲಾರೆ.

ಮಗು ಉಸಿರಾಡಲೇ ಇಲ್ಲ. ಅಕ್ಕ ಆ ದಿನದ ಮಧ್ಯಾಹ್ನದವರೆಗೆ ಇದ್ದಳು.

ನಡುಮನೆಯಲ್ಲಿ ಅವಳನ್ನು ಮಲಗಿಸಿದ್ದರು. ಎಷ್ಟೋ ವಾರಗಳ ಮೇಲೆ ಚಪ್ಪಟೆಯಾಗಿ ಮಲಗಿದ್ದಳು. ಡಾಕ್ಟರಮ್ಮ ಹೊಸ್ತಿಲ ಬಳಿ ನಿಂತಿದ್ದರು. ಬೆಳಗಿನಿಂದ ಒದ್ದಾಡಿ ಅವರ ಸೀರೆಯೂ ರಕ್ತವಾಗಿತ್ತು. ಅಪ್ಪಯ್ಯ ಅವರ ಪಕ್ಕದಲ್ಲೇ, ಗೋಡೆ ಹಿಡಿದುಕೊಂಡು ನಿಂತಿದ್ದರು. ಡಾಕ್ಟರಮ್ಮ ನನ್ನನ್ನು ಹತ್ತಿರ ಕರೆದು ಇಂಗ್ಲಿಷಿನಲ್ಲಿ ಹೇಳಿದರು. ತಮ್ಮ ಮುರುಕು ಕನ್ನಡದಲ್ಲಿ ಕೇಳುವ ಮಾತಲ್ಲ ಅದು. ಮನೆಯವರು ಒಪ್ಪಿದರೆ ಅವಳ ಹೃದಯವನ್ನು ತೆರೆದು ನೋಡಬೇಕು. ಇಷ್ಟು ದಿನ ಹೊರಗಿನಿಂದ ಆಲಿಸಿದ್ದು ಒಳಗೆ ಹೇಗಿದೆ ಎಂದು ತಿಳಿಯಬೇಕು. ತಿಳಿದರೆ ಇನ್ನೊಬ್ಬ ಹುಡುಗಿಗೆ ಉಪಯೋಗವಾದೀತು. “ಪ್ಲೀಸ್ ಆಸ್ಕ್ ದೆಮ್. ಎಕ್ಸಾಕ್ಟ್ಲಿ ಆ್ಯಸ್ ಐ ಸೇ.”

ಈಗ ಆ ಬಾಗಿಲನ್ನು ಬಲೂನ್ ತೂರಿಸಿ ತೆರೆಯುತ್ತಾರಂತೆ; ಸುಮ್ಮನೆ ಎಂಬಂತೆ ಕೇಳಿದ್ದಕ್ಕೆ ಎಕೋ ಮಾಡಿದ ಹುಡುಗಿಯೇ ಹೇಳಿದಳು, ಸಿಂಪಲ್ ಪ್ರೊಸೀಜರ್ ಎಂದು. ಎಲ್ಲೋ ಯಾರದೋ ಮನೆಯವರು ಹ್ಞೂಂ ಅಂದಿರಬೇಕು, ಅದಕ್ಕೇ ಇವರಿಗೆ ಗೊತ್ತಾಗಿದೆ. ನನಗೆ ಅದು ತಿಳಿಯದೆ ಇಲ್ಲ. ಆದರೆ ಅಂದು ಅಕ್ಕನ ಎದೆಯ ಮೇಲೆ ನಾನೇ ಹೊದಿಸಿದ ಸೀರೆಯಿತ್ತು.

“ಎಂತ ಅಂಬ್ರ್ ಹೆಣೆ?” ಅಳು ನಿಲ್ಲಿಸಿ ಅಜ್ಜಿ ಕೇಳಿದರು.

“ಬಾಯಾರಿಕೆ ಆತ್ ಅಂಬ್ರ್” ಎಂದೆ. “ಕುಡುಕೆ ನೀರ್ ಕೇಂತ್ರ್.”

“ಹೆಣ ಇಪ್ಪ ಮನಿಯಂಗೆ ನೀರಾ?” ಅಜ್ಜಿ ಅಪ್ಪಯ್ಯನ ಕಡೆ ನೋಡಿದರು. ಅಪ್ಪಯ್ಯ ಪ್ರತಿಯೊಂದು ಶಬ್ದವನ್ನೂ ಕೇಳಿದ್ದರು. ನನ್ನನ್ನು ಒಮ್ಮೆ ನೋಡಿದರು. ಈ ಸಲ ನನ್ನ ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಇದೆಯೆಂದು ಅವರು ಹೇಳಲಿಲ್ಲ.

ಅಮ್ಮ ಮಾತಿಲ್ಲದೆ ಎದ್ದು ತಂಬಿಗೆಯಲ್ಲಿ ನೀರು ತಂದಳು. ಸಾವಿನ ಮನೆಯ ನೀರನ್ನು ಹೊರಗಿನವರು ಮುಟ್ಟುವುದಿಲ್ಲ. ಮದರಾಸಿನಲ್ಲೂ ಹಾಗೆಯೇ ಎಂದು ಡಾಕ್ಟರಮ್ಮನೇ ಒಮ್ಮೆ ಹೇಳಿದ್ದರು. ನಾನು ಏನೆಂದೆ ಎಂದು ತಿಳಿಯುವಷ್ಟು ಕನ್ನಡ ಅವರಿಗೆ ಬರುತ್ತಿತ್ತು. ನನ್ನ ಮುಖ ನೋಡಿದರು. ಆಮೇಲೆ ಅಮ್ಮನ ಕೈಯಿಂದ ತಂಬಿಗೆ ತೆಗೆದುಕೊಂಡು, ನಿಂತಲ್ಲೇ, ಪೂರ್ತಿ ಕುಡಿದರು.

ತಂಬಿಗೆಯನ್ನು ಹೊಸ್ತಿಲ ಪಕ್ಕದಲ್ಲಿಟ್ಟು ಬ್ಯಾಗು ಎತ್ತಿಕೊಂಡರು. ಅಂಥ ಮನೆಯಿಂದ ಹೊರಡುವಾಗ ಬರುತ್ತೇನೆ ಎನ್ನಬಾರದು. ಅವರು ಅನ್ನಲಿಲ್ಲ. ಬರಲೂ ಇಲ್ಲ.