ಸ್ಟಿಕ್ಕರಿನ ಅಂಟು

ಈಚೆಗೆ ಅವರು ಬಲಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ನಡೆಯುತ್ತಾರೆ. ಕೇಳಿದವರಿಗೆ ನೋವು ಅನ್ನುತ್ತಾರೆ. ನೋವೂ ಇಲ್ಲ ಗೀವೂ ಇಲ್ಲ, ಬರೀ ನಾಚಿಕೆ. ಒಂದು ಕಾಲಕ್ಕೆ ಇದೇ ಬೆರಳನ್ನು ನಾಲ್ಕು ಜನರ ಮುಂದೆ ಎತ್ತಿ ಎತ್ತಿ ತೋರಿಸಿದವರು ಅವರೇ.

ಕ್ಯಾಸೆಟ್ಟು, ಸಿ.ಡಿ. ಮಾಡುವ ಕಂಪನಿಗಳದ್ದೊಂದು ಸಂಘ. ಯಾವ ಆಲ್ಬಮ್ ಹತ್ತು ಸಾವಿರ ಮಾರಾಟವಾಗುತ್ತದೋ ಅದನ್ನು ಹಾಡಿದವರಿಗೆ ಸಂಘದಿಂದ ಬಂಗಾರದ ಬಣ್ಣದ ಫಲಕ. ಮಾರಾಟ ಆಗಿದೆ ಅಂತ ಕಂಪನಿ ಹೇಳಿದರೆ ಸಾಕೇ? ಕಂಪನಿಯವರ ಬಾಯಲ್ಲಿ ನೂರು ಸಾವಿರವಾಗುವುದಕ್ಕೆ ಎಷ್ಟು ಹೊತ್ತು! ಅಂಗಡಿಗೆ ಹೋದ ಮಾಲು ಮಾರಾಟವಾಗದೆ ವಾಪಸ್ ಬರುತ್ತದೆ, ಅದನ್ನೇ ಇನ್ನೊಂದು ಅಂಗಡಿಗೆ ಕಳಿಸಿ ಮತ್ತೊಮ್ಮೆ ಲೆಕ್ಕಕ್ಕೆ ಸೇರಿಸುತ್ತಾರೆ. ಇದನ್ನು ಹಿಡಿಯುವುದಕ್ಕೆ ಸಂಘ ಇಟ್ಟುಕೊಂಡಿದ್ದ ತಪಾಸಣೆಯವರು ಇವರು.

ಇವರು ಹಿಡಿಯುತ್ತಿದ್ದದ್ದು ಹೆಬ್ಬೆರಳಿನಿಂದ. ಅಂಗಡಿಯವರು ಸಿ.ಡಿ. ಮೇಲೆ ಬೆಲೆಯ ಸ್ಟಿಕ್ಕರ್ ಹಚ್ಚುತ್ತಾರೆ. ವಾಪಸ್ ಬಂದಾಗ ಕಂಪನಿಯವರು ಅದನ್ನು ಕಿತ್ತು ಹೊಸದರ ಹಾಗೆ ಮಾಡುತ್ತಾರೆ. ಕಿತ್ತರೂ ಅಂಟು ಉಳಿಯುತ್ತದೆ. ಕಣ್ಣಿಗೆ ಕಾಣದು, ಬೆರಳಿಗೆ ಹತ್ತುತ್ತದೆ. ಗೋದಾಮಿನಲ್ಲಿ ಇವರು ಒತ್ತೊತ್ತಾಗಿ ತುಂಬಿದ ಪೆಟ್ಟಿಗೆಯ ಸಂದಿಗೆ ಕೈ ಇಳಿಬಿಟ್ಟು, ಒಂದೊಂದು ಸಿ.ಡಿ.ಯ ಮೂಲೆಯನ್ನೂ ಸವರುತ್ತ, ಕಣ್ಣನ್ನು ಸೂರಿಗೆ ನೆಟ್ಟು ನಿಲ್ಲುತ್ತಿದ್ದರು. ಜಿಗುಟು ಸಿಕ್ಕಿತೋ, ಕಂಪನಿಯವರ ಮುಖ ಹುಳ್ಳಗೆ. ಬೆನ್ನ ಹಿಂದೆ ಜನ ಇವರನ್ನು ಹೆಬ್ಬೆಟ್ಟು ಸಾಹೇಬರು ಅನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗ ಸಾಹೇಬರಿಗೆ ಒಳಗೊಳಗೇ ಖುಷಿ.

ಹೀಗಿರುವಾಗ ತಂಗಿಯ ಆಲ್ಬಮ್ ಬಂತು. ತಂಗಿ ಹೊಲಿಗೆ ಮಷೀನು ತುಳಿದು ಸಂಸಾರ ತೂಗಿಸಿದವಳು. ತೀರಿಹೋದ ಅಮ್ಮ ಹೇಳುತ್ತಿದ್ದ ಜೋಗುಳಗಳನ್ನು ಹಾಡಿದ್ದಳು. ಅದು ಹೇಗೋ ಏನೋ, ಜನ ಮುಗಿಬಿದ್ದು ಕೊಂಡರು. ಫಲಕ ಬಂದರೆ ಇನ್ನೊಂದು ಆಲ್ಬಮ್ ಹಾಡಿಸುತ್ತೇವೆ ಎಂದು ಕಂಪನಿ ಮಾತು ಕೊಟ್ಟಿತ್ತು. ಆ ಒಂದು ಮಾತಿನ ಮೇಲೆ ಅವಳು ಹಗಲೂ ರಾತ್ರಿ ಗಾಳಿಯಲ್ಲಿ ತೇಲುತ್ತಿದ್ದಳು.

ಮರ್ಯಾದಸ್ಥ ಮನುಷ್ಯ ಏನು ಮಾಡಬೇಕಿತ್ತು? ಸ್ವಂತ ತಂಗಿಯದ್ದು, ಬೇರೆಯವರು ನೋಡಲಿ ಅನ್ನಬೇಕಿತ್ತು. ಇವರು ಆ ತಪಾಸಣೆಯನ್ನು ಕೇಳಿ ತಮಗೇ ಹಾಕಿಸಿಕೊಂಡರು. ತಾನೆಷ್ಟು ಖಡಕ್ಕು ಅಂತ ಊರಿಗೆಲ್ಲ ಗೊತ್ತಾಗಲಿ ಅಂತ.

ಅವಳು ಹೊಸ ಸಿ.ಡಿ.ಯನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದಳು. "ಅಣ್ಣ, ಬಿಚ್ಚಿ ನೋಡು. ಮೇಲ್ಗಡೆ ಏನಿದೆ ನೋಡು."

"ತಪಾಸಣೆ ಮುಗಿಯೋ ತನಕ ನಿನ್ನಿಂದ ಒಂದು ಗುಂಡುಸೂಜಿನೂ ತಗೊಳ್ಳಲ್ಲ."

"ಅಯ್ಯೋ, ನೀನೂ ನಿನ್ನ ರೂಲ್ಸೂ!" ಅಂತ ನಕ್ಕು, ಸುತ್ತಿದ್ದನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಹೋದಳು.

ಗೋದಾಮಿನಲ್ಲಿ ಬೆರಳು ಇಳಿಸಿದರು. ಜಿಗುಟು. ಪಕ್ಕದ್ದೂ ಜಿಗುಟು. ಯಾವ ಪೆಟ್ಟಿಗೆ ತೆರೆದರೂ ಬಲಮೂಲೆಯಲ್ಲಿ ಜಿಗುಟು. ಅಂಗಡಿಗಳಿಗೆ ಹೋಗಿ ವಿಚಾರಿಸುವುದು ಬಾಕಿ ಇತ್ತು. ಬೆರಳು ಹೇಳಿದ ಮೇಲೆ ಅಂಗಡಿ ಯಾತಕ್ಕೆ? "ವಾಪಸ್ ಬಂದ ಮಾಲು, ಲೆಕ್ಕ ಸುಳ್ಳು" ಎಂದು ಬರೆದು ಕೈತೊಳೆದುಕೊಂಡರು. ಕಚೇರಿಯಲ್ಲಿ ಅಧ್ಯಕ್ಷರು ಬೆನ್ನು ತಟ್ಟಿ, "ತಂಗಿ ಅಂತಾನೂ ನೋಡಲಿಲ್ಲ ರೀ ಇವರು!" ಅಂದರು. ಆ ದಿನ ಸಾಹೇಬರು ಮನೆತನಕ ಎದೆ ಉಬ್ಬಿಸಿಕೊಂಡೇ ನಡೆದರು.

ಸಂಜೆ ತಂಗಿಯ ಫೋನು. "ಅಣ್ಣ, ನಾನು ಸುಳ್ಳು ಲೆಕ್ಕ ಕೊಡಿಸಿದೀನಿ ಅಂತ ಬರೆದ್ಯಾ?"

"ನಾನು ಹೇಳ್ತಿಲ್ಲಮ್ಮ. ಅಂಟು ಹೇಳ್ತಿದೆ."

"ಅಂಟಾ? ಅಣ್ಣ, ಆ ಅಂಟು..."

"ಕಚೇರಿ ವಿಷಯ ಮನೇಲಿ ಬೇಡ," ಎಂದು ಫೋನು ಇಟ್ಟರು. ಎಷ್ಟು ಚೆನ್ನಾಗಿ ಹೇಳಿದೆ ಅಂತ ಹೆಂಡತಿಯ ಕಡೆ ನೋಡಿದರು. ಹೆಂಡತಿ ಮುಖ ತಿರುಗಿಸಿಕೊಂಡರು.

ಎರಡು ತಿಂಗಳಾದ ಮೇಲೆ ಬೇರೆ ಯಾರದೋ ತಪಾಸಣೆಗೆಂದು ಒಂದು ಅಂಗಡಿಗೆ ಹೋಗಿದ್ದರು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಸಿ.ಡಿ. ಒರಗಿಸಿತ್ತು. ಅದರ ಬಲಮೂಲೆಯಿಂದ ಅಮ್ಮ ನೋಡುತ್ತಿದ್ದಳು. ಕುರ್ಚಿಯಲ್ಲಿ ಕೂತು, ಫೋಟೋ ತೆಗೆಯುವವನ ಮೇಲೆ ಸ್ವಲ್ಪ ಸಿಟ್ಟು ಮಾಡಿಕೊಂಡ ಅದೇ ಮುಖ. ಸಾಹೇಬರು ಅದರತ್ತ ಬಗ್ಗಿದರು.

ಅಂಗಡಿಯವನಿಗೆ ಇವರು ಯಾರಂತ ಗೊತ್ತಿಲ್ಲ. "ಅದೊಂದೇ ಉಳಿದಿರೋದು ಸಾರ್, ಮಾರಲ್ಲ. ಬಂದದ್ದೆಲ್ಲ ಬಿಸಿಬಿಸಿಯಾಗಿ ಹೋಯ್ತು. ಪಾಪ, ಈ ಸಲ ಕಂಪನಿಯೋರೇ ಬೆಲೆ ಸ್ಟಿಕ್ಕರನ್ನ ಆ ಅಜ್ಜಿ ಮುಖದ ಮೇಲೇ ಅಂಟಿಸಿಬಿಟ್ಟಿದ್ರಂತೆ. ಮಾಲು ಹೊರಡೋ ಮುಂಚೆ ಹಾಡಿದ ಹೆಂಗಸು ಗೋದಾಮಲ್ಲಿ ವಾರಗಟ್ಟಲೆ ಕೂತು ಒಂದೊಂದೇ ಕಿತ್ತು ಹಿಂದುಗಡೆ ಹಚ್ಚಿದಳಂತೆ. ಮುಟ್ಟಿ ನೋಡಿ, ಇನ್ನೂ ಅಂಟಂಟು."

ಮುಟ್ಟಲಿಲ್ಲ. ಅಲ್ಲೇ ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದರು. ಒಂದು ಪೆಟ್ಟಿಗೆಯಿಂದ ಒಂದೇ ಒಂದು ಸಿ.ಡಿ. ಎತ್ತಿ ನೋಡಿದ್ದರೆ! ಫೋನಿನಲ್ಲಿ ಅವಳ ಒಂದು ಮಾತು ಮುಗಿಯಲು ಬಿಟ್ಟಿದ್ದರೆ!

ನೇರ ತಂಗಿಯ ಮನೆಗೆ ಹೋದರು. ಅವಳು ಹೊಲಿಗೆ ಮಷೀನಿನ ಮುಂದೆ ಇದ್ದಳು, ತಲೆ ಎತ್ತಲಿಲ್ಲ.

"ತಪ್ಪಾಯ್ತು ಕಣೆ," ಅಂದರು ಹೊಸ್ತಿಲಲ್ಲೇ ನಿಂತು. "ನಾಳೆ ಬೆಳಿಗ್ಗೆ ಹೋಗಿ ಎಲ್ಲರ ಮುಂದೆ ಹೇಳ್ತೀನಿ, ತಪ್ಪು ನಂದು ಅಂತ."

"ಹೇಳು. ಫಲಕ ಬಂದ್ರೂ ಬರಬಹುದು. ಕಂಪನಿಯೋರು ಆಗಲೇ ಇನ್ನೊಬ್ಬರನ್ನ ಹಾಡಿಸ್ತಿದಾರೆ. ನಮ್ಮ ಬೀದೀಲಿ ನಾನು ಸುಳ್ಳಿ ಆಗಿದ್ದೂ ಆಯ್ತು." ದಾರ ಕಡಿದಳು. "ಅದೆಲ್ಲ ಇರ್ಲಿ ಬಿಡು. ಗೋದಾಮಲ್ಲಿ ಅಷ್ಟು ಹೊತ್ತು ಅಮ್ಮನ ಮುಖ ಸವರಿದೀಯಲ್ಲ ಅಣ್ಣ, ಒಂದು ಸಲ ಕಣ್ಣು ಕೆಳಗಿಳಿಸೋಕೆ ಆಗ್ಲಿಲ್ವಾ ನಿಂಗೆ?"

ಅವಳು ಎದ್ದು ಒಳಗೆ ಹೋಗಿ, ಅವತ್ತು ವಾಪಸ್ ತಂದ ಸಿ.ಡಿ.ಯನ್ನು ಸುತ್ತಿದ ಕಾಗದ ಸಮೇತ ತಂದು ಮುಂದೆ ಹಿಡಿದಳು. ಅವರು ಎರಡೂ ಕೈ ಚಾಚಿ ತೆಗೆದುಕೊಂಡರು. ಬಲಗೈಯ ಹೆಬ್ಬೆರಳು ಮಾತ್ರ ಒಳಗೇ ಮಡಚಿಕೊಂಡಿತ್ತು.