ಹೆಪ್ಪಿನ ಜೊತೆ ಹೋದ ಪಾಸ್‌ವರ್ಡ್

ರವೀಂದ್ರನಗರದ ನಮ್ಮ ಪಕ್ಕದ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಅವರ ಟಿವಿಯಲ್ಲಿ ನಮ್ಮ ಮನೆಯ ಫೋಟೊಗಳು ಒಂದೊಂದಾಗಿ ಬರುತ್ತಿದ್ದವು. ಭದ್ರಾವತಿಯಲ್ಲಿ ನಡೆದ ಅಕ್ಕನ ಮಗನ ಮುಂಜಿ. ಇವು ಇಲ್ಲಿ ಹೇಗೆ ಬಂದವು ಎಂದು ಕೇಳಿದೆ.

"ನಿಮ್ಮತ್ತೆ ವೈಫೈ ಪಾಸ್‌ವರ್ಡ್ ಕೊಟ್ಟಿದ್ರಲ್ಲ, ಆವಾಗಿಂದ ನಮ್ಮ ಟಿವಿಲಿ ನಿಮ್ಮ ಕಂಪ್ಯೂಟರೂ ಕಾಣ್ಸುತ್ತೆ," ಎಂದು ಆ ಮನೆಯಾಕೆ ಸಲೀಸಾಗಿ ಹೇಳಿದರು.

ಮನೆಗೆ ಬಂದವಳೇ ಅತ್ತೆಯ ಮೇಲೆ ಹರಿಹಾಯ್ದೆ.

"ಹೆಪ್ಪಿಗೆ ಬಂದಿದ್ರು, ಅದನ್ನೂ ಕೇಳಿದ್ರು, ಕೊಟ್ಟೆ. ಹೆಪ್ಪು ಕೊಟ್ರೆ ನಮ್ಮ ಮೊಸರು ಕಮ್ಮಿ ಆಗುತ್ತಾ ಮಾರಾಯ್ತಿ?" ಎಂದರು ಅತ್ತೆ.

ನಮ್ಮ ಟಿವಿಯಲ್ಲಿ ನೋಡಲೆಂದು ಕಂಪ್ಯೂಟರಿನ ಫೋಟೊಗಳನ್ನೆಲ್ಲ ಮನೆಯ ವೈಫೈಯಲ್ಲಿ ಕಾಣುವಂತೆ ತೆರೆದಿಟ್ಟಿದ್ದೆವು. ಅವುಗಳಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲೆಲ್ಲ ಉದುರಿದ ನನ್ನ ಬೋಳು ತಲೆಯೂ ಇತ್ತು. ಆಗ ಭದ್ರಾವತಿಯ ಅಕ್ಕನ ಮನೆಯಲ್ಲೇ ಉಳಿದು, ನಮ್ಮ ಬೀದಿಯಲ್ಲಿ ಒಬ್ಬರಿಗೂ ಸುಳಿವು ಸಿಗದಂತೆ ನೋಡಿಕೊಂಡಿದ್ದೆ. ಪಕ್ಕದವರು ಮುಂಜಿಯ ಫೋಟೊಗಳನ್ನಷ್ಟೇ ನೋಡಿರಲಿ ಎಂದುಕೊಳ್ಳುತ್ತಾ ಪಾಸ್‌ವರ್ಡ್ ಬದಲಾಯಿಸಿದೆ.

ಮರುದಿನ ಆಕೆ ಕಾಂಪೌಂಡಿನ ಆಚೆಯಿಂದ ಹೆಪ್ಪಿಗೆ ಲೋಟ ಚಾಚಿದರು. ವೈಫೈ ಮಾತೆತ್ತಲಿಲ್ಲ. ನನ್ನ ಜಡೆಯನ್ನೇ ನೋಡುತ್ತಾ, "ಈಗ ಚೆನ್ನಾಗಿ ಬೆಳ್ದಿದೆ ಬಿಡ್ರಿ," ಎಂದರು.